ಡಿಕ್ಸಿಟ್ ಆಟಕ್ಕೆ ‘ಡೇಡ್ರೀಮ್ಸ್’ ಸೇರಿಸಿಕೊಳ್ಳಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೋರ್ಡ್ ಗೇಮ್ ಆಡಲು ಕೂತಲ್ಲೆಲ್ಲ, ಆಮೇಲೆ ಬರುವ ಮೆಸೇಜುಗಳಲ್ಲೂ ಡಿಕ್ಸಿಟ್ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಡಿಕ್ಸಿಟ್ ಚಿತ್ರದ ಕಾರ್ಡುಗಳ ಬೋರ್ಡ್ ಗೇಮ್. ‘ಡೇಡ್ರೀಮ್ಸ್’ ಅದಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಕಾರ್ಡುಗಳ ಡಬ್ಬಿ, ಅಂದರೆ ಎಕ್ಸ್‌ಪ್ಯಾನ್ಷನ್. ಹೊಸಬರು ಮೇಲಿನಿಂದ ಓದಿ. ಆಗಲೇ ಆಡಿದವರು ಎರಡನೇ ಭಾಗದಿಂದ ಶುರು ಮಾಡಿದರೂ ಏನೂ ತಪ್ಪಿಹೋಗುವುದಿಲ್ಲ.

## ಹೊಸಬರಿಗೆ

ಡಿಕ್ಸಿಟ್ ಅಂದ್ರೆ ಇಸ್ಪೀಟ್ ತರಹದ ಆಟವಾ?

ಅಲ್ಲ. ರಾಜ, ರಾಣಿ, ಎಕ್ಕ ಯಾವುದೂ ಇಲ್ಲ. ಪ್ರತಿ ಕಾರ್ಡಿನಲ್ಲೂ ಒಂದೊಂದು ಬೇರೆ ಚಿತ್ರ, ಅಷ್ಟೇ. ಅಂಕಿ ಇಲ್ಲ, ಅಕ್ಷರ ಇಲ್ಲ. ಎಲ್ಲರ ಕೈಯಲ್ಲೂ ಆರಾರು ಕಾರ್ಡ್ ಇರುತ್ತವೆ. ಸರದಿ ಬಂದವರು ಕಥೆಗಾರ. ಅವರು ಒಂದು ಕಾರ್ಡ್ ಆರಿಸಿ, ಯಾರಿಗೂ ತೋರಿಸದೆ, ಅದಕ್ಕೊಂದು ಕ್ಲೂ ಹೇಳುತ್ತಾರೆ. ಒಂದು ಪದ ಸಾಕು. ಒಂದು ಸಾಲು, ಒಂದು ಹಾಡಿನ ತುಣುಕು, ಬರೀ ‘ಉಸ್ಸಪ್ಪಾ’ ಅನ್ನುವ ಉದ್ಗಾರವಾದರೂ ನಡೆಯುತ್ತದೆ. ಉಳಿದವರು ಆ ಕ್ಲೂಗೆ ಒಪ್ಪುವಂಥ ಕಾರ್ಡನ್ನು ತಮ್ಮ ಕೈಯಿಂದ ಮುಚ್ಚಿ ಕೊಡುತ್ತಾರೆ. ಎಲ್ಲವನ್ನೂ ಕಲಸಿ, ಮೇಜಿನ ಮೇಲೆ ಬಿಚ್ಚಿಟ್ಟು, ಕಥೆಗಾರರ ಕಾರ್ಡ್ ಯಾವುದು ಅಂತ ಓಟು ಹಾಕುವುದೇ ಆಟ.

ಇದನ್ನು ರೂಪಿಸಿದವರು ಫ್ರಾನ್ಸಿನ ಜಾನ್-ಲೂಯಿ ರೂಬಿರಾ. ವೃತ್ತಿಯಲ್ಲಿ ಮಕ್ಕಳ ಮನೋವೈದ್ಯರು. ಚಿತ್ರ ಬಿಡಿಸಿದವರು ಮಾರಿ ಕಾರ್ದುವಾ. ಲಿಬೆಲ್ಲು ಕಂಪನಿ 2008ರಲ್ಲಿ ಹೊರತಂದಿತು. ಬೋರ್ಡ್ ಗೇಮ್ ಲೋಕದಲ್ಲಿ ದೊಡ್ಡದು ಅನ್ನಿಸಿಕೊಳ್ಳುವ ಜರ್ಮನಿಯ ‘ಷ್ಪೀಲ್ ದೆಸ್ ಯಾರೆಸ್’ ಪ್ರಶಸ್ತಿ 2010ರಲ್ಲಿ ಇದಕ್ಕೆ ಬಂತು.

ಪಾಯಿಂಟ್ ಲೆಕ್ಕ ಒಂದ್ಸಲ ಬಿಡಿಸಿ ಹೇಳಿ. ಪ್ರತಿ ಸಲ ಜಗಳ ಆಗುತ್ತೆ.

ಕಥೆಗಾರರ ಕಾರ್ಡನ್ನು ಎಲ್ಲರೂ ಕಂಡುಹಿಡಿದರೆ ಕ್ಲೂ ತೀರಾ ಸಲೀಸಾಯಿತು ಅಂತ ಅರ್ಥ. ಯಾರೂ ಕಂಡುಹಿಡಿಯದಿದ್ದರೆ ತೀರಾ ಕಷ್ಟವಾಯಿತು. ಈ ಎರಡೂ ಸಂದರ್ಭದಲ್ಲಿ ಕಥೆಗಾರರಿಗೆ ಸೊನ್ನೆ, ಉಳಿದವರಿಗೆಲ್ಲ ತಲಾ 2. ಕೆಲವರು ಹಿಡಿದು ಕೆಲವರು ತಪ್ಪಿದರೆ ಕಥೆಗಾರರಿಗೆ 3, ಹಿಡಿದವರಿಗೂ 3. ಇದರ ಜೊತೆಗೆ, ನೀವು ಹಾಕಿದ ಕಾರ್ಡಿಗೆ ಯಾರಾದರೂ ಮೋಸ ಹೋಗಿ ಓಟು ಹಾಕಿದರೆ ಓಟಿಗೊಂದರಂತೆ ನಿಮಗೆ 1. ಈ ಓಟಿನ ಪಾಯಿಂಟ್ ಕಥೆಗಾರರಿಗೆ ಇಲ್ಲ. ಜಗಳ ಹುಟ್ಟುವುದು ಸಾಮಾನ್ಯವಾಗಿ ಇಲ್ಲೇ.

ಅಜ್ಜಿ ಕಥೆಗಾರ್ತಿ ಅಂದುಕೊಳ್ಳಿ. ಓಟು ಹಾಕುವವರು ಅಪ್ಪ, ಅಮ್ಮ, ಅಣ್ಣ, ತಂಗಿ. ಅಮ್ಮ ಮತ್ತು ಅಣ್ಣ ಸರಿಯಾಗಿ ಹಿಡಿದರು. ಅಪ್ಪ, ತಂಗಿ ಇಬ್ಬರೂ ಅಮ್ಮ ಹಾಕಿದ ಕಾರ್ಡಿಗೆ ಬಿದ್ದರು. ಆಗ ಅಜ್ಜಿಗೆ 3, ಅಣ್ಣನಿಗೆ 3, ಅಮ್ಮನಿಗೆ 3 ಕೂಡಿಸು 2, ಅಂದರೆ 5. ಅಪ್ಪನಿಗೂ ತಂಗಿಗೂ ಏನಿಲ್ಲ. 30 ಮುಟ್ಟಿದವರು ಗೆದ್ದಂತೆ. ಹಳೆಯ ಆವೃತ್ತಿಯ ನಿಯಮದಲ್ಲಿ, ಹಂಚಿ ಉಳಿದ ಕಾರ್ಡುಗಳ ಕಟ್ಟು ಖಾಲಿಯಾದಾಗ ಆಟ ಮುಗಿಯುತ್ತಿತ್ತು. ನಿಮ್ಮ ಡಬ್ಬಿಯ ಚೀಟಿ ಏನು ಹೇಳುತ್ತದೋ ಅದರಂತೆ ಆಡಿ.

ನಮ್ಮ ಅತ್ತೆಗೆ ಇಂಗ್ಲಿಷ್ ಬರಲ್ಲ. ಅವರನ್ನೂ ಕೂರಿಸಿಕೊಳ್ಳಬಹುದಾ?

ಮೊದಲು ಅವರನ್ನೇ ಕೂರಿಸಿ. ಕಾರ್ಡಿನ ಮೇಲೆ ಓದುವುದಕ್ಕೆ ಏನೂ ಇಲ್ಲ. ಫ್ರಾನ್ಸಿನಲ್ಲಿ ಫ್ರೆಂಚಿನಲ್ಲಿ ಆಡುವಂತೆ ದಾವಣಗೆರೆಯಲ್ಲಿ ಕನ್ನಡದಲ್ಲಿ ಆಡಬಹುದು, ಒಂದು ಕಾರ್ಡನ್ನೂ ಬದಲಿಸಬೇಕಿಲ್ಲ. ನನ್ನ ಅನುಭವದಲ್ಲಿ ಹಿರಿಯರಿಗೆ ಈ ಆಟ ಬೇಗ ಹತ್ತುತ್ತದೆ. ಗಾದೆ, ಒಗಟು, ಶಕುನ, ಊರ ಕಥೆ ಎಲ್ಲ ಅವರ ನಾಲಿಗೆಯ ತುದಿಯಲ್ಲೇ ಇರುತ್ತದಲ್ಲ.

ಒಮ್ಮೆ ನಮ್ಮ ಮೇಜಿನಲ್ಲಿ ಒಬ್ಬ ಅಜ್ಜಿ ಕತ್ತಲು ಕತ್ತಲಾದ ಒಂದು ಕಾರ್ಡಿಗೆ “ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು” ಅಂದರು. ಇಪ್ಪತ್ತರ ಹುಡುಗರು ಪೊರಕೆ ಹುಡುಕಿದರು. ಕಾರ್ಡಿನಲ್ಲಿ ಪೊರಕೆಯೇ ಇರಲಿಲ್ಲ. ಲಕ್ಷ್ಮಿ ಹೊರಗೆ ಹೋಗುತ್ತಾಳೆ ಅನ್ನುವ ನಂಬಿಕೆ ಗೊತ್ತಿದ್ದವರು ಮಾತ್ರ ಬಾಗಿಲು ತೆರೆದಿದ್ದ ಚಿತ್ರಕ್ಕೆ ಓಟು ಹಾಕಿದರು. ಅಜ್ಜಿಗೆ 3 ಪಾಯಿಂಟ್.

ಎಕ್ಸ್‌ಪ್ಯಾನ್ಷನ್ ಡಬ್ಬಿ ಒಂದೇ ಅಗ್ಗಕ್ಕೆ ಸಿಕ್ತಿದೆ. ಅದನ್ನೇ ತಗೊಂಡು ಆಡಬಹುದಾ?

ಎಕ್ಸ್‌ಪ್ಯಾನ್ಷನ್ ಡಬ್ಬಿಯಲ್ಲಿ 84 ಕಾರ್ಡ್ ಮಾತ್ರ. ಪಾಯಿಂಟ್ ಹಲಗೆ, ಮೊಲದ ಕಾಯಿಗಳು, ಓಟಿನ ಬಿಲ್ಲೆಗಳು ಮೂಲ ಡಬ್ಬಿಯಲ್ಲಿ ಇರುತ್ತವೆ. ಆದರೆ ನಿಜ ಹೇಳಬೇಕೆಂದರೆ ಹಲಗೆಯ ಬದಲು ನೋಟ್‌ಬುಕ್ಕಿನ ಹಾಳೆ ಸಾಕು. ಓಟಿಗೆ ಚೀಟಿ ಬರೆದರೆ ಆಯಿತು. ನಿಯಮ ಗೊತ್ತಿರುವ ಒಬ್ಬರು ಜೊತೆಗಿದ್ದರೆ ಬರೀ ಎಕ್ಸ್‌ಪ್ಯಾನ್ಷನ್‌ನಲ್ಲೂ ಸಂಜೆ ಕಳೆಯಬಹುದು. ಕಂಪನಿಯವರು ಹೀಗೆ ಹೇಳುವುದಿಲ್ಲ, ಅಷ್ಟೇ.

## ಕೊಳ್ಳುವ ಮುಂಚೆ

ಮೂಲ ಡಬ್ಬಿಯಲ್ಲೇ 84 ಕಾರ್ಡ್ ಇದೆಯಲ್ಲ. ಸಾಲದಾ?

ಲೆಕ್ಕ ಹಾಕಿ ನೋಡಿ. ಆರು ಜನ ಕೂತರೆ ಹಂಚುವುದಕ್ಕೇ 36 ಕಾರ್ಡ್ ಹೋಯಿತು. ಉಳಿದದ್ದು 48. ಹಾಕಿದ ಕಾರ್ಡಿನ ಜಾಗಕ್ಕೆ ಪ್ರತಿ ಸುತ್ತಿಗೆ ಆರು ಕಾರ್ಡ್ ಎಳೆಯುತ್ತೀರಿ. ಎಂಟು ಸುತ್ತಿಗೆ ಕಟ್ಟು ಖಾಲಿ. ಅಂದರೆ ಒಂದೇ ಸಂಜೆಯಲ್ಲಿ ಎಲ್ಲ 84 ಕಾರ್ಡೂ ಯಾರಾದರೊಬ್ಬರ ಕೈ ಹಾದುಹೋಗಿರುತ್ತದೆ, 48 ಮೇಜಿನ ಮೇಲೆ ಬಿದ್ದಿರುತ್ತದೆ.

ಅದರಿಂದ ಆಗುವ ತೊಂದರೆ ಬೇಜಾರಲ್ಲ, ನೆನಪು. ಒಂದು ಕಾರ್ಡಿಗೆ ಒಮ್ಮೆ ಒಳ್ಳೆಯ ಕ್ಲೂ ಬಿತ್ತು ಅಂದರೆ ಮುಂದೆ ಆ ಕಾರ್ಡ್ ಬಂದಾಗೆಲ್ಲ ಎಲ್ಲರಿಗೂ ಅದೇ ನೆನಪಾಗುತ್ತದೆ. “ಓ, ಇದು ಆವತ್ತು ಅಕ್ಕ ‘ಬಾಡಿಗೆ ಮನೆ’ ಅಂದಿದ್ದ ಕಾರ್ಡು” ಅಂತ ಯಾರೋ ಅಂದುಬಿಡುತ್ತಾರೆ. ಆ ಚಿತ್ರ ಆ ಗುಂಪಿನ ಮಟ್ಟಿಗೆ ಮುಗಿದ ಹಾಗೆ. ಯಾವಾಗಲೋ ಒಮ್ಮೆ, ಬೇರೆ ಬೇರೆ ಜನರ ಜೊತೆ ಆಡುವವರಿಗೆ ಮೂಲ ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಪ್ರತಿ ವಾರ ಅದೇ ನಾಲ್ಕೈದು ಜನ ಕೂರುವವರಿಗೆ ಎಕ್ಸ್‌ಪ್ಯಾನ್ಷನ್ ಬೇಕೇ ಬೇಕು.

ಹೊಸ ನಿಯಮ ಏನಾದ್ರೂ ಬರುತ್ತಾ?

ಇಲ್ಲ. ಬರೀ ಚಿತ್ರ. ಆದ್ದರಿಂದಲೇ ಡಿಕ್ಸಿಟ್ ಎಕ್ಸ್‌ಪ್ಯಾನ್ಷನ್ ವಿಮರ್ಶೆ ಮಾಡುವುದು ಬೇರೆ ಆಟಗಳ ಹಾಗಲ್ಲ. ತೂಗಿ ನೋಡಲು ಇರುವುದು ಒಂದೇ ಸಂಗತಿ: ಈ ಚಿತ್ರಗಳು ಎಷ್ಟು ಕಥೆಗೆ ಜಾಗ ಬಿಡುತ್ತವೆ? ಚಂದ ಇದೆಯಾ ಅನ್ನುವುದು ಆಮೇಲಿನ ಮಾತು. ಗೋಡೆಗೆ ಹಾಕಲು ಚಂದ ಇರುವ ಎಷ್ಟೋ ಕಾರ್ಡ್ ಆಟದಲ್ಲಿ ಸೋಲುತ್ತವೆ.

ಇಷ್ಟೊಂದು ಡಬ್ಬಿ ಇವೆಯಲ್ಲ, ಯಾವುದು ಯಾರದ್ದು?

ಪ್ರತಿ ಡಬ್ಬಿಗೂ ಬೇರೆ ಕಲಾವಿದರನ್ನು ಹಿಡಿಯುವುದು ಲಿಬೆಲ್ಲು ಪದ್ಧತಿ. ಎರಡನೆಯದು ‘ಕ್ವೆಸ್ಟ್’ ಮಾತ್ರ ಮೂಲ ಡಬ್ಬಿಯ ಮಾರಿ ಕಾರ್ದುವಾ ಅವರದ್ದೇ. ಮೂಲ ಡಬ್ಬಿ ಇಷ್ಟವಾಗಿ ‘ಅದೇ ಇನ್ನಷ್ಟು ಕೊಡಿ’ ಅನ್ನುವವರಿಗೆ ಅದು. ‘ಒಡಿಸ್ಸಿ’ 2011ರಲ್ಲಿ ಬಂತು, ಚಿತ್ರ ಪಿಯೆರೊ ಅವರದ್ದು. ಅದು ಸ್ವತಂತ್ರ ಡಬ್ಬಿ, 12 ಜನರವರೆಗೆ ಆಡಬಹುದು. ‘ಜರ್ನಿ’ 2012ರದ್ದು, ಕ್ಸಾವಿಯೇ ಕೊಲೆಟ್ ಬಿಡಿಸಿದ್ದು. ತುಂಬಾ ಕುಸುರಿ. 2013ರ ‘ಒರಿಜಿನ್ಸ್’ ಕ್ಲೆಮಾಂ ಲೆಫೆವ್ರ್ ಅವರದ್ದು, ಮೆತ್ತಗಿನ ಬಣ್ಣ, ಸೌಮ್ಯ ಮುಖಗಳು. 2014ರ ‘ಡೇಡ್ರೀಮ್ಸ್’ ಫ್ರಾಂಕ್ ದಿಯೋಂ ಅವರದ್ದು, ಅದರ ಬಗ್ಗೆ ಕೆಳಗೆ ವಿವರವಾಗಿ ಬರೆದಿದ್ದೇನೆ. ‘ಮೆಮೊರೀಸ್’ ಇಬ್ಬರು ಸೇರಿ ಮಾಡಿದ್ದು, ಬಣ್ಣ ಧಾರಾಳ. ‘ರೆವೆಲೇಷನ್ಸ್’ ಮರೀನಾ ಕುದ್ರೆ ಅವರ ಬಳ್ಳಿ ಬಳ್ಳಿ ರೇಖೆಗಳ ಡಬ್ಬಿ. ‘ಹಾರ್ಮನೀಸ್’ ಪಾಲ್ ಎಶೆಗೊಯೆನ್ ಅವರದ್ದು, ನವಿರು ರೇಖೆ. ಹತ್ತನೇ ವರ್ಷಕ್ಕೆ ಬಂದ ‘ಆನಿವರ್ಸರಿ’ಯಲ್ಲಿ ಹಿಂದಿನ ಕಲಾವಿದರೆಲ್ಲ ಕೈ ಸೇರಿಸಿದ್ದಾರೆ. ಆಮೇಲೆ ‘ಮಿರರ್ಸ್’ ಕೂಡ ಬಂತು.

ಹಾಗಾದ್ರೆ ‘ಡೇಡ್ರೀಮ್ಸ್’ ಅನ್ನೇ ಯಾಕೆ ಅಷ್ಟು ಹೊಗಳ್ತೀರಿ?

ಪೂರ್ತಿ ಹೊಗಳುವುದಿಲ್ಲ. ಆದರೂ ಮೂಲ ಡಬ್ಬಿಯ ನಂತರ ಒಂದೇ ಒಂದು ಅಂದರೆ ಇದನ್ನೇ ಹೇಳುತ್ತೇನೆ.

ಫ್ರಾಂಕ್ ದಿಯೋಂ ಚಿತ್ರಕಾರರಷ್ಟೇ ಅಲ್ಲ, ಅನಿಮೇಷನ್ ನಿರ್ದೇಶಕರು. ತಲೆಯೇ ಕಳಚಿಹೋದ ವಯಸ್ಸಾದ ಹೆಂಗಸೊಬ್ಬಳು ರೈಲು ಹತ್ತಿ ಸಮುದ್ರದ ಕಡೆ ಹೊರಡುವ ಕಥೆಯ ಅವರ ಕಿರುಚಿತ್ರಕ್ಕೆ 2016ರಲ್ಲಿ ಫ್ರಾನ್ಸಿನ ಆನ್ಸಿ ಅನಿಮೇಷನ್ ಉತ್ಸವದ ಕ್ರಿಸ್ಟಲ್ ಪ್ರಶಸ್ತಿ ಬಂತು. ಈ ಡಬ್ಬಿ ಅದಕ್ಕಿಂತ ಎರಡು ವರ್ಷ ಮುಂಚಿನದು. ಆದರೆ ಯೋಚನೆಯ ರೀತಿ ಒಂದೇ. ಮನಸ್ಸಿನ ಸ್ಥಿತಿಯನ್ನು ಅವರು ಮುಖಭಾವದಲ್ಲಿ ತೋರಿಸುವುದಿಲ್ಲ. ಅದನ್ನೊಂದು ವಸ್ತು ಮಾಡಿ ಎದುರಿಗಿಡುತ್ತಾರೆ.

ಆಟಕ್ಕೆ ಅದರಿಂದ ಏನು ಲಾಭ? ಒಂದು ಉದಾಹರಣೆ ನಾನೇ ಕಟ್ಟುತ್ತೇನೆ, ಡಬ್ಬಿಯಲ್ಲಿ ಹುಡುಕಬೇಡಿ. ತಲೆಯ ಜಾಗದಲ್ಲಿ ಪಂಜರ ಇರುವ ಒಬ್ಬ ಮನುಷ್ಯ ಬಸ್ಸಿಗೆ ಕಾಯುತ್ತಿದ್ದಾನೆ. ಪಂಜರದ ಬಾಗಿಲು ತೆರೆದಿದೆ. ಹಕ್ಕಿ ಇಲ್ಲ. ಇದಕ್ಕೆ ‘ರಜೆ’ ಅನ್ನಬಹುದು. ‘ಮರೆವು’ ಅನ್ನಬಹುದು. ‘ಮಗಳು ಮದುವೆಯಾಗಿ ಹೋದಳು’ ಅನ್ನಬಹುದು. ‘ಹಾರಿಹೋಯ್ತು’ ಅನ್ನಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲ, ಆದರೂ ಎಲ್ಲವೂ ಕೂರುತ್ತವೆ. ಇದೇ ಮನುಷ್ಯ ಪಂಜರ ಕೈಯಲ್ಲಿ ಹಿಡಿದು ಅಳುತ್ತಿದ್ದರೆ ಕ್ಲೂ ಒಂದೇ ದಿಕ್ಕಿಗೆ ಹೋಗುತ್ತಿತ್ತು. ದಿಯೋಂ ಅವರ ಬಹುಪಾಲು ಕಾರ್ಡು ಮೊದಲನೆಯ ಬಗೆಯವು. ವಸ್ತು ಕಡಿಮೆ, ಖಾಲಿ ಜಾಗ ಜಾಸ್ತಿ, ನಡುವೆ ಒಂದು ವಿಚಿತ್ರ.

ಇನ್ನು ದೂರು. ಇಡೀ ಡಬ್ಬಿಯ ಬಣ್ಣ ತಗ್ಗಿದ್ದು. ಮೂಡ್ ಕೂಡ ಹೆಚ್ಚುಕಡಿಮೆ ಒಂದೇ. ನೆರಳು, ಮೌನ, ಒಬ್ಬಂಟಿ ಜನ. ಬರೀ ಇದೇ ಡಬ್ಬಿಯಲ್ಲಿ ಆಡಿದರೆ ‘ಒಂಟಿತನ’ ಅನ್ನುವ ಕ್ಲೂಗೆ ಮೇಜಿನ ಆರಕ್ಕೆ ಆರೂ ಕಾರ್ಡು ಒಪ್ಪುತ್ತವೆ. ಓಟು ಚದುರಿಹೋಗುತ್ತದೆ. ಕಥೆಗಾರರಿಗೆ ಸೊನ್ನೆ ಬೀಳುವುದು ಸುಲಭ. ಹಾಗಾಗಿ ಇದೊಂದೇ ಡಬ್ಬಿ ಇಟ್ಟುಕೊಂಡು ಆಡಬೇಡಿ, ಮೂಲ ಡಬ್ಬಿಯ ಜೊತೆ ಬೆರೆಸಿ. ಕಾರ್ದುವಾ ಅವರ ಹಗುರ ಬಣ್ಣದ ಕಾರ್ಡುಗಳ ಪಕ್ಕ ಇವು ಎರಡು ಪಟ್ಟು ಕೆಲಸ ಮಾಡುತ್ತವೆ.

ಜರ್ನಿ ಚಿತ್ರಗಳು ಇನ್ನೂ ಚೆನ್ನಾಗಿವೆ ಅಂತಾರಲ್ಲ?

ಕಣ್ಣಿಗೆ ಹೌದು. ಕೊಲೆಟ್ ಅವರ ಒಂದೊಂದು ಕಾರ್ಡಿನಲ್ಲೂ ಒಂದು ಸಿನಿಮಾದಷ್ಟು ವಿವರ ಇದೆ. ಆದರೆ ವಿವರ ಹೆಚ್ಚಿದಷ್ಟೂ ಜನ ಹೆಸರು ಹೇಳಲು ಶುರು ಮಾಡುತ್ತಾರೆ. ‘ಕೀಲಿಕೈ’, ‘ಹಡಗು’, ‘ಗೋಪುರ’ ಅಂತ. ಆಟ ವಸ್ತು ಹುಡುಕುವ ಆಟ ಆಗಿಬಿಡುತ್ತದೆ. ಮೊದಲ ಸಲ ಆಡುವವರಿಗೆ ಇದು ಅನುಕೂಲ. ಹಿಡಿಯಲು ಏನಾದರೂ ಸಿಗುತ್ತದಲ್ಲ. ಪಳಗಿದ ಗುಂಪಿಗೆ ಸ್ವಲ್ಪ ಉಸಿರುಗಟ್ಟಿಸುತ್ತದೆ. ಕಾರ್ಡನ್ನು ಇಷ್ಟಪಟ್ಟು ಕೂತು ನೋಡುವವರಿದ್ದರೆ ಜರ್ನಿ ತಗೊಳ್ಳಿ, ತಪ್ಪೇನಿಲ್ಲ.

ಮಗಳಿಗೆ ಏಳು ವರ್ಷ. ಡೇಡ್ರೀಮ್ಸ್ ನೋಡಿ ಹೆದರ್ತಾಳಾ?

ಡಬ್ಬಿಯ ಮೇಲೆ 8 ವರ್ಷ ಮೇಲ್ಪಟ್ಟವರಿಗೆ ಅಂತ ಇದೆ. ಅದು ಹೆದರಿಕೆಗಿಂತ ಹೆಚ್ಚಾಗಿ ಕ್ಲೂ ಕಟ್ಟುವ ತಾಕತ್ತಿಗೆ. ರಕ್ತ, ದೆವ್ವ ಅಂಥದ್ದೇನೂ ಇಲ್ಲ, ಆದರೆ ಕೆಲವು ಚಿತ್ರ ಮಂಕಾಗಿವೆ. ಆಡುವ ಮುಂಚೆ ಒಂದು ಸಲ ಮಗಳ ಜೊತೆ ಕೂತು 84ನ್ನೂ ತಿರುವಿಹಾಕಿ. ಅವಳು ಬೇಡ ಅಂದದ್ದನ್ನು ಪಕ್ಕಕ್ಕಿಡಿ. ಹತ್ತು ಕಾರ್ಡ್ ತೆಗೆದರೂ ಆಟಕ್ಕೆ ಏನೂ ಆಗುವುದಿಲ್ಲ. ಚಿಕ್ಕ ಮಕ್ಕಳೇ ಜಾಸ್ತಿ ಇರುವ ಮನೆಗೆ ‘ಒರಿಜಿನ್ಸ್’ ಮೇಲು.

84 ಕಾರ್ಡಿಗೆ ಇಷ್ಟು ದುಡ್ಡಾ? ಬರೀ ಕಾಗದ ತಾನೇ?

ಹೊರಗಿನಿಂದ ಬರುವ ಮಾಲು, ಬೆಲೆ ಅಂಗಡಿಗೊಂದು ತಿಂಗಳಿಗೊಂದು. ಅದಕ್ಕೇ ಇಲ್ಲಿ ಅಂಕಿ ಬರೆದಿಲ್ಲ. ಮೂರ್ನಾಲ್ಕು ಕಡೆ ವಿಚಾರಿಸಿ. ಬೋರ್ಡ್ ಗೇಮ್ ಕೆಫೆ ಇರುವ ಊರಿನಲ್ಲಿದ್ದರೆ ಮೊದಲು ಅಲ್ಲಿ ಆಡಿ ನೋಡಿ. ಆಡುವ ಗುಂಪಿದ್ದರೆ ಎಲ್ಲರೂ ದುಡ್ಡು ಹಾಕಿ ಒಬ್ಬೊಬ್ಬರು ಒಂದೊಂದು ಡಬ್ಬಿ ತರುವುದು ಒಳ್ಳೆಯದು, ನಾವು ಹಾಗೇ ಮಾಡುತ್ತೇವೆ.

ಒಂದು ಎಚ್ಚರಿಕೆ. ನಕಲಿ ಡಿಕ್ಸಿಟ್ ಆನ್‌ಲೈನಿನಲ್ಲಿ ಓಡಾಡುತ್ತದೆ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದು, ಡಬ್ಬಿಯ ಬದಲು ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕಾರ್ಡ್ ಕಳಿಸುತ್ತೇವೆ ಅಂದರೆ ಬಿಟ್ಟುಬಿಡಿ. ಅಸಲಿ ಕಾರ್ಡಿನ ಅಳತೆ 80 ಮಿಲಿಮೀಟರ್ ಅಗಲ, 120 ಮಿಲಿಮೀಟರ್ ಉದ್ದ. ಇಸ್ಪೀಟ್ ಎಲೆಗಿಂತ ಚೆನ್ನಾಗಿಯೇ ದೊಡ್ಡದು. ಕಾರ್ಡ್ ಸವೆಯದಿರಲಿ ಅಂತ ಸ್ಲೀವ್, ಅಂದರೆ ಪ್ಲಾಸ್ಟಿಕ್ ಕವರ್, ಹಾಕುವವರೂ ಇದೇ ಅಳತೆ ಕೇಳಿ ತಗೊಳ್ಳಿ.

## ಆಡುವಾಗ

ಎಲ್ಲ ಡಬ್ಬಿ ಒಟ್ಟಿಗೆ ಕಲಸಿಬಿಡಲಾ?

ಎರಡು ಡಬ್ಬಿ ಕಲಸಿ. ಮೂರು ಕೂಡ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಕಲಸುವುದೇ ಕಷ್ಟ, ದೊಡ್ಡ ಕಾರ್ಡು ಕೈಯಲ್ಲಿ ನಿಲ್ಲುವುದಿಲ್ಲ. ನಾನು ಮಾಡುವುದು ಹೀಗೆ: ಪ್ರತಿ ಡಬ್ಬಿಯಿಂದ ಕಣ್ಣು ಮುಚ್ಚಿ ಒಂದು ಹಿಡಿ ತೆಗೆದು ಆವತ್ತಿನ ಕಟ್ಟು ಮಾಡಿಕೊಳ್ಳುತ್ತೇನೆ. ಉಳಿದದ್ದು ಡಬ್ಬಿಯಲ್ಲೇ ಇರುತ್ತದೆ. ಯಾವ ಕಾರ್ಡ್ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಶೈಲಿ ಬೇರೆ ಬೇರೆ ಆದರೆ ಕಾರ್ಡ್ ಯಾರದ್ದು ಅಂತ ಗೊತ್ತಾಗುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಎಲ್ಲರ ಕೈಯಲ್ಲೂ ಎಲ್ಲ ಶೈಲಿ ಬೆರೆತಿರುತ್ತದೆ. ಆಮೇಲೆ ಬೇರೆ ಮಾಡಬೇಕಾದರೆ ಯಾವ ಚಿತ್ರ ಯಾರ ಕೈ ಅಂತ ಗುರುತಿಸುವುದೇ ಒಂದು ಆಟ.

ಕನ್ನಡದಲ್ಲಿ ಕ್ಲೂ ಕೊಡೋಕೆ ಹೋದ್ರೆ ಎಲ್ಲರಿಗೂ ಗೊತ್ತಾಗಿಬಿಡುತ್ತೆ. ಹೇಗೆ ಕೊಡೋದು?

ಪೂರ್ತಿ ಗಾದೆ ಹೇಳುವುದರಿಂದ ಹೀಗಾಗುತ್ತದೆ. ಬೆಟ್ಟದ ಚಿತ್ರ ಇಟ್ಟುಕೊಂಡು ‘ದೂರದ ಬೆಟ್ಟ ನುಣ್ಣಗೆ’ ಅಂದರೆ ಸಣ್ಣ ಮಗುವೂ ಹಿಡಿಯುತ್ತದೆ. ಬೆಟ್ಟವೇ ಇಲ್ಲದ ಚಿತ್ರಕ್ಕೆ ಅದೇ ಗಾದೆ ಹೇಳಿ ನೋಡಿ. ಕಿಟಕಿಯಿಂದ ಪಕ್ಕದ ಮನೆ ನೋಡುತ್ತಿರುವ ಹುಡುಗನಿಗೆ, ಅಂಗಡಿಯ ಗಾಜಿಗೆ ಮೂಗು ಒತ್ತಿದ ನಾಯಿಗೆ. ಆಗ ಗಾದೆಯ ಅರ್ಥ ಹಿಡಿದವರು ಒಂದು ಕಡೆ ಹೋಗುತ್ತಾರೆ, ಪದ ಹಿಡಿದವರು ಬೇರೆ ಕಡೆ ಹೋಗುತ್ತಾರೆ. ನಿಮಗೆ ಬೇಕಾಗಿದ್ದೂ ಅದೇ.

ಇನ್ನೊಂದು ದಾರಿ ಅರ್ಧ ಗಾದೆ. ‘ಜಟ್ಟಿ ಕೆಳಗೆ ಬಿದ್ದರೂ…’ ಅಂತ ನಿಲ್ಲಿಸಿಬಿಡಿ. ಉಳಿದರ್ಧ ಗೊತ್ತಿದ್ದವರು ಮೀಸೆ ಹುಡುಕುತ್ತಾರೆ, ಜಂಬ ಹುಡುಕುತ್ತಾರೆ. ಗೊತ್ತಿಲ್ಲದವರು ಬಿದ್ದವರನ್ನು ಹುಡುಕುತ್ತಾರೆ.

ಡೇಡ್ರೀಮ್ಸ್ ಬೆರೆಸಿದ ಕಟ್ಟಿನಲ್ಲಿ ಭಾವದ ಪದ ಬಿಟ್ಟು ಘಟನೆಯ ಮಾತು ಹೇಳಿ. ‘ದುಃಖ’ ಬೇಡ. ‘ಕರೆಂಟ್ ಹೋಯ್ತು’ ಅನ್ನಿ. ‘ಕಾಯುವಿಕೆ’ ಬೇಡ. ‘ಕೊನೇ ಬಸ್ಸು’ ಅನ್ನಿ. ಅಡುಗೆಮನೆ, ಬಸ್‌ಸ್ಟಾಂಡ್, ಶಾಲೆ, ಆಸ್ಪತ್ರೆ ಇವುಗಳ ಸುತ್ತಲಿನ ದಿನನಿತ್ಯದ ಮಾತು ಆ ವಿಚಿತ್ರ ಚಿತ್ರಗಳಿಗೆ ಚೆನ್ನಾಗಿ ಹೊಂದುತ್ತದೆ.

ಮೇಜಿನಲ್ಲಿ ಕನ್ನಡ ಪೂರ್ತಿ ಬರದವರಿದ್ದರೆ, ಬೆಂಗಳೂರಿನ ಆಫೀಸ್ ಗುಂಪಿನಲ್ಲೋ ಅಮೆರಿಕದಲ್ಲಿ ಬೆಳೆದ ಮಕ್ಕಳ ಜೊತೆಗೋ, ಗಾದೆ ಬಳಸಿ ಅವರನ್ನು ಹೊರಗಿಡಬೇಡಿ. ಪಾಯಿಂಟ್ ಸಿಗುತ್ತದೆ, ಆದರೆ ಎರಡನೇ ಸುತ್ತಿಗೆ ಅವರು ಫೋನ್ ತೆಗೆಯುತ್ತಾರೆ.

ಗಂಡ-ಹೆಂಡತಿ ಇಬ್ಬರಿಗೇ ಗೊತ್ತಿರೋ ಕ್ಲೂ ಕೊಟ್ಟುಕೊಳ್ತಾರೆ. ಮೋಸ ಅಲ್ವಾ?

ನಿಯಮದ ಪ್ರಕಾರ ಮೋಸ ಅಲ್ಲ. ‘ನಮ್ಮ ಕೂರ್ಗ್ ಟ್ರಿಪ್ಪು’ ಅಂದರೆ ಹೆಂಡತಿಗೆ ಮಾತ್ರ ಗೊತ್ತಾಗುತ್ತದೆ. ಇಬ್ಬರಿಗೂ ತಲಾ 3. ಉಳಿದವರಿಗೆ ಉರಿ. ಒಂದೆರಡು ಸಲ ನಗು ಬರುತ್ತದೆ, ಐದನೇ ಸಲ ಬರುವುದಿಲ್ಲ. ನಮ್ಮ ಕಡೆ ಒಂದು ಮನೆ ನಿಯಮ ಇದೆ: ಮೇಜಿನಲ್ಲಿರುವ ಕನಿಷ್ಠ ಅರ್ಧ ಜನರಿಗೆ ಅರ್ಥವಾಗಬಹುದಾದ ಕ್ಲೂ ಆಗಿರಬೇಕು. ಅನುಮಾನ ಬಂದರೆ ಸುತ್ತು ಮುಗಿದ ಮೇಲೆ ಕಥೆಗಾರರು ಕ್ಲೂ ಹೇಗೆ ಬಂತು ಅಂತ ವಿವರಿಸಬೇಕು. ಎಲ್ಲರೆದುರು ವಿವರಿಸಲು ನಾಚಿಕೆಯಾಗುವಂಥ ಕ್ಲೂ ತನ್ನಷ್ಟಕ್ಕೆ ನಿಂತುಹೋಗುತ್ತದೆ.

ನಾವು ಮೂರೇ ಜನ. ಆಡಬಹುದಾ? ಜಾಸ್ತಿ ಜನ ಬಂದ್ರೆ?

ಮೂರು ಜನಕ್ಕೆ ನಿಯಮವೇ ಬೇರೆ ಇದೆ. ಕೈಯಲ್ಲಿ ಏಳು ಕಾರ್ಡ್, ಕಥೆಗಾರರಲ್ಲದ ಇಬ್ಬರೂ ಎರಡೆರಡು ಕಾರ್ಡ್ ಹಾಕುತ್ತಾರೆ, ಮೇಜಿನಲ್ಲಿ ಐದಾಗುತ್ತದೆ. ನಡೆಯುತ್ತದೆ, ರುಚಿ ಕಡಿಮೆ. ಐದಾರು ಜನ ಸರಿಯಾದ ಸಂಖ್ಯೆ. ಹಳೆಯ ಡಬ್ಬಿಯಲ್ಲಿ 6 ಜನರವರೆಗೆ, 2021ರ ಹೊಸ ಆವೃತ್ತಿಯಲ್ಲಿ 8 ಜನರವರೆಗೆ ಸಾಮಗ್ರಿ ಇದೆ. ಹಬ್ಬಕ್ಕೆ ಮನೆ ತುಂಬಾ ಜನ ಸೇರಿದಾಗ ಇಬ್ಬಿಬ್ಬರ ಜೋಡಿ ಮಾಡಿ. ಜೋಡಿಯೊಳಗಿನ ಪಿಸುಮಾತೇ ಅರ್ಧ ಮಜಾ.

## ಇನ್ನೂ ಆಳಕ್ಕೆ

ಗೆಲ್ಲೋಕೆ ಏನಾದ್ರೂ ತಂತ್ರ ಇದ್ಯಾ, ಇಲ್ಲ ಸುಮ್ನೆ ಅದೃಷ್ಟವಾ?

ತಂತ್ರ ಇದೆ. ಒಬ್ಬರೇ ಹಿಡಿದರೂ ನಿಮಗೆ 3, ನಾಲ್ವರು ಹಿಡಿದರೂ ನಿಮಗೆ 3. ಆದರೆ ನಾಲ್ವರು ಹಿಡಿದರೆ ಆ ನಾಲ್ವರಿಗೂ 3 ಹೋಗುತ್ತದೆ. ಹಾಗಾಗಿ ಲೆಕ್ಕದ ಪ್ರಕಾರ ಒಬ್ಬರು ಮಾತ್ರ ಹಿಡಿಯುವ ಕ್ಲೂ ಎಲ್ಲಕ್ಕಿಂತ ಲಾಭ. ಅಪಾಯವೂ ಅದರಲ್ಲೇ ಹೆಚ್ಚು. ಅವರೊಬ್ಬರು ಜಾರಿದರೆ ನಿಮಗೆ ಸೊನ್ನೆ, ಉಳಿದವರಿಗೆಲ್ಲ 2. ಮುಂದಿರುವವರು ಈ ಅಪಾಯ ತಗೊಳ್ಳಬೇಕಿಲ್ಲ. ಹಿಂದೆ ಬಿದ್ದವರು ತಗೊಳ್ಳಬಹುದು.

ಜನರ ಸಂಖ್ಯೆ ನೋಡಿ. ನಾಲ್ವರಿದ್ದರೆ ಓಟು ಹಾಕುವವರು ಮೂವರು. ನಿಮಗೆ ಬೇಕಾದದ್ದು ಒಬ್ಬರು ಅಥವಾ ಇಬ್ಬರು ಹಿಡಿಯುವುದು. ಸಣ್ಣ ಸಂದಿ. ಎಂಟು ಜನರಿದ್ದರೆ ಒಬ್ಬರಿಂದ ಆರು ಜನ ಹಿಡಿದರೂ ಸರಿಯೇ. ಏಳಕ್ಕೆ ಏಳೂ ಜನ ಹಿಡಿಯುವುದು ಅಪರೂಪ. ಆದ್ದರಿಂದ ದೊಡ್ಡ ಮೇಜಿನಲ್ಲಿ ಕ್ಲೂ ಸ್ವಲ್ಪ ಸಲೀಸಾಗಿ ಕೊಡಿ, ಚಿಕ್ಕ ಮೇಜಿನಲ್ಲಿ ಸ್ವಲ್ಪ ಮುಚ್ಚಿಡಿ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ.

ಹೊಸ ಎಕ್ಸ್‌ಪ್ಯಾನ್ಷನ್ ತೆರೆದ ಮೊದಲ ರಾತ್ರಿ ಎಲ್ಲರೂ ಹೊಸ ಚಿತ್ರಕ್ಕೇ ಕ್ಲೂ ಕಟ್ಟಲು ಹಾತೊರೆಯುತ್ತಾರೆ. ಓಟು ಕೂಡ ಹೊಸ ಶೈಲಿಯ ಕಾರ್ಡಿನ ಕಡೆಗೇ ವಾಲುತ್ತದೆ. ಆವತ್ತು ಹಳೆಯ ಕಾರ್ಡಿಗೆ ಕ್ಲೂ ಕೊಡುವವರಿಗೆ ಸುಗ್ಗಿ.

ಒಂದು ಎಕ್ಸ್‌ಪ್ಯಾನ್ಷನ್ ಚೆನ್ನಾಗಿದೆ ಅಂತ ಹೇಗೆ ಅಳೀತೀರಿ?

ಆಟ ಶುರು ಮಾಡುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಯಾವುದಾದರೂ ಆರು ಕಾರ್ಡ್ ಹರಡುತ್ತೇನೆ. ನಾಲ್ಕೈದು ಮಾಮೂಲಿ ಪದ ತಗೊಳ್ಳುತ್ತೇನೆ: ಮನೆ, ಭಯ, ಸಾಲ, ಸೋಮವಾರ. ಪ್ರತಿ ಪದಕ್ಕೂ ಎಷ್ಟು ಕಾರ್ಡ್ ಒಪ್ಪುತ್ತವೆ ಅಂತ ನೋಡುತ್ತೇನೆ. ಎರಡು ಮೂರು ಒಪ್ಪಿದರೆ ಡಬ್ಬಿ ಒಳ್ಳೆಯದು. ಆರೂ ಒಪ್ಪಿದರೆ ಚಿತ್ರಗಳೆಲ್ಲ ಒಂದೇ ರಾಗ ಹಾಡುತ್ತಿವೆ. ಒಂದೂ ಒಪ್ಪದಿದ್ದರೆ ಕಲಾವಿದರು ತಮ್ಮ ಕಥೆಯನ್ನು ತಾವೇ ಪೂರ್ತಿ ಹೇಳಿಬಿಟ್ಟಿದ್ದಾರೆ.

ಈ ಪರೀಕ್ಷೆಯಲ್ಲಿ ಡೇಡ್ರೀಮ್ಸ್ ‘ಸಾಲ’, ‘ಸೋಮವಾರ’ ಥರದ ಪದಕ್ಕೆ ಬಹಳ ಚೆನ್ನಾಗಿ ಮಾಡುತ್ತದೆ, ‘ಭಯ’ಕ್ಕೆ ಸೋಲುತ್ತದೆ. ಜರ್ನಿ ಇದರ ವಿರುದ್ಧ. ‘ಮನೆ’ಗೆ ಸಲೀಸಾಗಿ ಒಪ್ಪುತ್ತದೆ, ‘ಸೋಮವಾರ’ ಅಂದಾಗ ತಡವರಿಸುತ್ತದೆ.

ಎರಡನೆಯದು, ಒಂದೇ ಕಾರ್ಡಿಗೆ ಎಷ್ಟು ಸಲ ಹೊಸ ಕ್ಲೂ ಬರುತ್ತದೆ ಅನ್ನುವುದು. ಇದಕ್ಕೆ ಕಾಯಬೇಕು. ಡಬ್ಬಿ ಬಿಚ್ಚಿದ ವಾರದಲ್ಲೇ ಬರೆದ ವಿಮರ್ಶೆಯನ್ನು ನಾನು ಜಾಸ್ತಿ ನಂಬುವುದಿಲ್ಲ, ಅದಕ್ಕೇ.

ಈ ಕಾರ್ಡನ್ನ ಬೇರೆ ಆಟಕ್ಕೂ ಬಳಸಬಹುದಾ?

ಧಾರಾಳವಾಗಿ. ‘ಸ್ಟೆಲ್ಲಾ’ ಅಂತ 2021ರಲ್ಲಿ ಬಂದ ಆಟ ಡಿಕ್ಸಿಟ್ ಕುಟುಂಬದ್ದೇ, ಅದರಲ್ಲಿ ಡಿಕ್ಸಿಟ್ ಕಾರ್ಡ್ ನಡೆಯುತ್ತವೆ. ‘ಮಿಸ್ಟೀರಿಯಂ’ನಲ್ಲಿ ಒಬ್ಬರು ದೆವ್ವ ಆಗಿ, ಬಾಯಿ ಬಿಡದೆ, ಚಿತ್ರಗಳಿಂದಲೇ ಕೊಲೆಯ ಸುಳಿವು ಕೊಡಬೇಕು. ಅಲ್ಲಿಗೂ ಜನ ಡಿಕ್ಸಿಟ್ ಕಾರ್ಡ್ ಸೇರಿಸುತ್ತಾರೆ. ಡೇಡ್ರೀಮ್ಸ್‌ನ ಮಂಕು ಬಣ್ಣ ದೆವ್ವದ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕನ್ನಡ ಮೇಷ್ಟರಾಗಿದ್ದರೆ ಇನ್ನೊಂದು ಉಪಯೋಗ: ಮಕ್ಕಳಿಗೆ ಮೂರು ಕಾರ್ಡ್ ಕೊಟ್ಟು ಒಂದು ಕಥೆ ಬರೆಸಿ. ‘ನನ್ನ ನೆಚ್ಚಿನ ಹಬ್ಬ’ಕ್ಕಿಂತ ಖಂಡಿತ ಚೆನ್ನಾಗಿ ಬರೆಯುತ್ತಾರೆ.

ಮೈಸೂರಿನ ಗಂಜೀಫಾ ಕೂಡ ಚಿತ್ರದ ಎಲೆ ಆಟ ತಾನೇ? ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ?

ನೇರ ಸಂಬಂಧ ಇಲ್ಲ. ಗಂಜೀಫಾದಲ್ಲಿ ಚಿತ್ರ ಎಷ್ಟೇ ಕುಸುರಿಯಾಗಿದ್ದರೂ ಅದರ ಕೆಲಸ ಇಸ್ಪೀಟಿನದ್ದೇ. ಯಾವ ಬಣ್ಣ, ಯಾವ ಅಂಕಿ ಅಂತ ಗುರುತಿಸುವುದು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ದುಂಡು ಎಲೆ. ಮೀನು ಕಂಡರೆ ಮತ್ಸ್ಯ, ಅದರಲ್ಲಿ ಎರಡು ಮಾತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 360 ಎಲೆಗಳವರೆಗಿನ ಆಟಗಳನ್ನು ರೂಪಿಸಿದ್ದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಅವುಗಳ ವಿವರ ಇದೆ. ಡಿಕ್ಸಿಟ್‌ನಲ್ಲಿ ಮೀನು ಕಂಡರೆ ಅದು ಮತ್ಸ್ಯವೂ ಆಗಬಹುದು, ಮಂಗಳೂರಿನ ಊಟವೂ ಆಗಬಹುದು. ಆದರೂ ಆ ಎಲೆಗಳನ್ನು ಮುಂದಿಟ್ಟುಕೊಂಡು ಡಿಕ್ಸಿಟ್ ಆಡಿದರೆ ಹೇಗಿರುತ್ತದೆ ಅಂತ ನನಗೂ ಆಸೆ ಇದೆ. ಮ್ಯೂಸಿಯಂನವರು ಒಪ್ಪಲಿಕ್ಕಿಲ್ಲ.

ನಾವೇ ಚಿತ್ರ ಬಿಡಿಸಿ ಎಕ್ಸ್‌ಪ್ಯಾನ್ಷನ್ ಮಾಡಿಕೊಳ್ಳಬಹುದಾ?

ಮನೆ ಬಳಕೆಗೆ ಮಾಡಿಕೊಳ್ಳಿ. ಹಳೆಯ ಕ್ಯಾಲೆಂಡರ್, ವಾರಪತ್ರಿಕೆಯ ಚಿತ್ರ, ಮಕ್ಕಳ ಡ್ರಾಯಿಂಗ್ ಕತ್ತರಿಸಿ ರಟ್ಟಿಗೆ ಅಂಟಿಸಿದರೂ ಆಗುತ್ತದೆ. ಮಾತು ಬರೆದಿರುವ ಚಿತ್ರ ಬೇಡ. ಪ್ರಸಿದ್ಧರ ಮುಖ ಬೇಡ, ನೋಡಿದ ಕೂಡಲೇ ಹೆಸರು ಬಾಯಿಗೆ ಬರುತ್ತದೆ. ಕಂಪ್ಯೂಟರಿಗೆ ಹೇಳಿ ಬಿಡಿಸಿದ ಚಿತ್ರಗಳನ್ನು ಕೆಲವರು ತಂದಿದ್ದರು. ನೋಡಲು ಥಳಥಳ, ಆದರೆ ಒಂದರಂತೆ ಇನ್ನೊಂದು. ಮೂರು ಸುತ್ತಿಗೆ ಯಾರಿಗೂ ಹೇಳಲು ಏನೂ ಉಳಿಯಲಿಲ್ಲ.

ಡೇಡ್ರೀಮ್ಸ್ ಆಯ್ತು. ಮುಂದಿನದು ಯಾವುದು?

ಡೇಡ್ರೀಮ್ಸ್ ಹಿಡಿಸಿದ್ದರೆ ಮುಂದಿನದು ಅದರ ಹಾಗಿರಬಾರದು. ಬಣ್ಣ ತುಂಬಿದ ‘ಮೆಮೊರೀಸ್’ ತಗೊಳ್ಳಿ, ಕಟ್ಟಿನ ತೂಕ ಸರಿಹೋಗುತ್ತದೆ. ಡೇಡ್ರೀಮ್ಸ್ ಭಾರ ಅನ್ನಿಸಿದ್ದರೆ ‘ಒರಿಜಿನ್ಸ್’. ಒಂದೇ ಕೈಯ ಚಿತ್ರ ಸಾಕಾಗಿದ್ದರೆ ‘ಆನಿವರ್ಸರಿ’, ಅದರಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ಇದ್ದಾರೆ. ಮುಂದೆ ಇನ್ನೊಂದು ಡಬ್ಬಿ ಯಾರ ಕೈದು ತಗೊಳ್ಳುವುದು ಅಂತಲೂ ಅದರಿಂದಲೇ ಗೊತ್ತಾಗುತ್ತದೆ.